ಬಾದಶಾಹಿ ಪೇಟೆಯಿಂದ ವಾರದ ಸಂತೆಯವರೆಗೆ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವೆ ಹರಡಿರುವ ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಹಾಗೂ ಮುದ್ದೇಬಿಹಾಳದ ಸೀಮೆಯಲ್ಲಿ ವ್ಯಾಪಾರವು ಶತಮಾನಗಳ ಕಾಲ ಎರಡು ನೆಲೆಗಳಲ್ಲಿ ನಡೆದುಬಂದಿದೆ. ದೂರದೇಶದ ಸರಕನ್ನು ಸಿರಿವಂತರಿಗೆ ಒದಗಿಸಿದ, ಆದಿಲ್‌ಶಾಹಿ ಅರಸರ ರಾಜಧಾನಿ ವಿಜಯಪುರದ ಪೇಟೆ ಒಂದಾದರೆ, ಕೂಲಿಕಾರನೂ ಒಕ್ಕಲಿಗನೂ ತಮ್ಮ ವಾರದ ಅಗತ್ಯಗಳನ್ನು ಪೂರೈಸಿಕೊಂಡ ಸಂತೆ ಇನ್ನೊಂದು. ಮೊದಲನೆಯದನ್ನು ಪ್ರವಾಸಿಗಳು ಹಾಡಿ ಹೊಗಳಿದರು. ಆದರೆ ಬಡವನ ಕೈಯಲ್ಲಿದ್ದ ಅಲ್ಪಧನಕ್ಕೂ ಸರಕು ಸಿಗುವಂತೆ ಮಾಡಿದ ವ್ಯವಸ್ಥೆ ಎರಡನೆಯದರಲ್ಲಿದ್ದುದರಿಂದ, ಈ ನಾಡಿನ ಆರ್ಥಿಕ ಇತಿಹಾಸದಲ್ಲಿ ಅದಕ್ಕೆ ಪೇಟೆಯಷ್ಟೇ ಹಿರಿದಾದ ಸ್ಥಾನ ಸಲ್ಲಬೇಕು.

ಈ ಪರಂಪರೆಯ ಬೇರು ಆದಿಲ್‌ಶಾಹಿಗಿಂತ ಬಹಳ ಹಳೆಯದು. ಮುದ್ದೇಬಿಹಾಳದ ದಕ್ಷಿಣಕ್ಕೆ ಕೃಷ್ಣೆಯನ್ನು ದಾಟಿದರೆ ಸಿಗುವ ಹುನಗುಂದ ಸೀಮೆಯ ಐಹೊಳೆಯು ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘದ ಮೂಲಸ್ಥಾನವಾಗಿತ್ತು. ದಕ್ಷಿಣ ಭಾರತದುದ್ದಕ್ಕೂ ಹಬ್ಬಿದ್ದ ಈ ಸಂಘವು ತಾನು ಸಾಗಿಸುವ ಸರಕಿನ ಪ್ರತಿ ಹೇರಿಗೆ, ಅಂದರೆ ಎತ್ತು ಅಥವಾ ಕತ್ತೆಯ ಮೇಲಿನ ಹೊರೆಗೆ, ಇಂತಿಷ್ಟೆಂದು ದೇವಾಲಯಗಳಿಗೆ ದತ್ತಿ ಬಿಟ್ಟಿದ್ದನ್ನು ಶಾಸನಗಳು ದಾಖಲಿಸಿವೆ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಕಾಲಕ್ಕೆ, ಅಂದರೆ 12ನೆಯ ಶತಮಾನದಲ್ಲಿ, ಮಾರುಕಟ್ಟೆಯ ಮತ್ತೊಂದು ಮುಖ ಕಾಣಿಸುತ್ತದೆ: ಹುಲ್ಲಿನ ಹಗ್ಗ ಹೊಸೆದು ಮಾರಿದ ನುಲಿಯ ಚಂದಯ್ಯ, ಕಟ್ಟಿಗೆ ಮಾರಿದ ಮೋಳಿಗೆ ಮಾರಯ್ಯ ಮೊದಲಾದ ಶರಣರು ಸಣ್ಣ ಮಾರಾಟವನ್ನೇ ಕಾಯಕವೆಂದು, ಅಂದರೆ ಪೂಜೆಗೆ ಸಮನಾದ ದುಡಿಮೆಯೆಂದು, ಎತ್ತಿಹಿಡಿದರು.

ರಾಜಧಾನಿಯ ಪೇಟೆ ತನ್ನ ಪೂರ್ಣ ವೈಭವವನ್ನು ಕಂಡದ್ದು 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ. ಅಕ್ಬರನ ರಾಯಭಾರಿಯಾಗಿ 1603–04ರಲ್ಲಿ ವಿಜಯಪುರಕ್ಕೆ ಬಂದ ಅಸದ್ ಬೇಗ್, ಸುಮಾರು 30 ಗಜ ಅಗಲವಾಗಿ 2 ಕೋಸು, ಎಂದರೆ ಸರಿಸುಮಾರು 4 ಮೈಲಿ, ಉದ್ದಕ್ಕೆ ಚಾಚಿದ್ದ ಪೇಟೆಯನ್ನೂ, ಅಂಗಡಿಗಳ ಮುಂದಿದ್ದ ಹಸಿರು ಮರಗಳನ್ನೂ, ಜವಳಿ, ಒಡವೆ, ಆಯುಧ, ರೊಟ್ಟಿ, ಮೀನು, ಮದ್ಯಗಳ ಮಳಿಗೆಗಳನ್ನೂ ಬೆರಗಿನಿಂದ ವರ್ಣಿಸಿದ್ದಾನೆ. ಅವನು ಇಲ್ಲಿ ಕೊಂಡ ತಂಬಾಕನ್ನು ಅಕ್ಬರನ ಆಸ್ಥಾನಕ್ಕೆ ಒಯ್ದು ಒಪ್ಪಿಸಿದನೆಂಬ ಸಂಗತಿಯಿಂದ, ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಇಳಿಯುತ್ತಿದ್ದ ಹೊಸ ಸರಕು ಉತ್ತರದ ಮೊಗಲರಿಗಿಂತ ಮೊದಲೇ ವಿಜಯಪುರದ ಅಂಗಡಿಗಳನ್ನು ಸೇರುತ್ತಿತ್ತೆಂಬುದು ಸ್ಪಷ್ಟವಾಗುತ್ತದೆ. ಆದರೆ ಈ ಪೇಟೆ ಆಸ್ಥಾನದ ಹಣವನ್ನೇ ನೆಚ್ಚಿಕೊಂಡಿತ್ತು. ವಿಜಯಪುರದ ಬಳಿ ಇಬ್ರಾಹಿಂ 1599ರಲ್ಲಿ ಕಟ್ಟಲಾರಂಭಿಸಿದ ಹೊಸ ನಗರ ನವರಸಪುರವು 1624ರಲ್ಲಿ ಅಹ್ಮದ್‌ನಗರದ ಮಲಿಕ್ ಅಂಬರನ ದಾಳಿಗೆ ತುತ್ತಾಯಿತು. 1686ರಲ್ಲಿ ಔರಂಗಜೇಬನು ವಿಜಯಪುರವನ್ನು ಗೆದ್ದುಕೊಂಡ ಮೇಲೆ ಸರದಾರರೂ ಅವರನ್ನು ನಂಬಿದ್ದ ಕುಶಲಕರ್ಮಿಗಳೂ ಚದುರಿದರು, ಪೇಟೆಯೂ ಅವರೊಂದಿಗೆ ಕುಗ್ಗಿತು.

ಸಂತೆಯ ಆಧಾರ ಬೇರೆಯಾಗಿತ್ತು, ಏಕೆಂದರೆ ಅದನ್ನು ಪೋಷಿಸಿದ್ದು ಎರೆಭೂಮಿಯ ಬೆಳೆ. ಡೋಣಿ ಹೊಳೆಯ ದಂಡೆ ಬೆಳೆದರೆ ಓಣಿಯೆಲ್ಲ ಜೋಳವೆಂಬ ಮಾತು ತಾಳಿಕೋಟೆಯ ಸುತ್ತಲಿನ ಊರುಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಹಿಂಗಾರಿಯ ಬಿಳಿಜೋಳ ಇಲ್ಲಿ ಆಹಾರವೂ ಆಗಿತ್ತು, ನಾಣ್ಯವೂ ಆಗಿತ್ತು. ಹೆಣ್ಣುಮಕ್ಕಳು ಮಡಿಲಲ್ಲಿ ತಂದ ಜೋಳವನ್ನು ಅಳೆದುಕೊಟ್ಟು ಕಾಯಿಪಲ್ಲೆ, ಉಪ್ಪು, ಬಳೆಗಳನ್ನು ಒಯ್ಯುತ್ತಿದ್ದರು. ಸೇರು, ಅದರ ಅರ್ಧವಾದ ಅಚ್ಚೇರು, ಕಾಲುಭಾಗವಾದ ಪಾವಸೇರು, ಹದಿನಾರನೆಯ ಭಾಗವಾದ ಛಟಾಕು ಎಂಬ ಅಳತೆಗಳ ಶ್ರೇಣಿಯು ಅಂದಂದಿನ ಕೂಲಿಗೆ ತಕ್ಕಷ್ಟನ್ನೇ ಕೊಳ್ಳಲು ಅನುವು ಮಾಡಿಕೊಟ್ಟಿತು. ನೆರೆಹೊರೆಯ ಊರುಗಳ ಸಂತೆಗಳು ವಾರದ ಬೇರೆಬೇರೆ ದಿನಗಳಲ್ಲಿ ಕೂಡುತ್ತಿದ್ದುದರಿಂದ ಒಬ್ಬನೇ ವ್ಯಾಪಾರಿ ಹಲವು ಊರುಗಳನ್ನು ಸುತ್ತಿ ಸಣ್ಣ ಲಾಭದಲ್ಲಿ ಬದುಕಬಲ್ಲವನಾಗಿದ್ದನು. ಕುರುಬರ ಕಂಬಳಿ, ಕುಂಬಾರರ ಗಡಿಗೆ, ಕೊರವರ ಬುಟ್ಟಿ ಮತ್ತು ಮೊರಗಳ ಪಕ್ಕದಲ್ಲಿಯೇ ಹೊಳೆಯಾಚೆಯಿಂದ ಬಂದ ಇಳಕಲ್ಲಿನ ಸೀರೆಯೂ ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆಯೂ, ಮದುವೆಯ ಕಾಲಕ್ಕೆ ಕೊಳ್ಳುವವರನ್ನು ಕಾಯುತ್ತಿದ್ದವು.

ಸಂತೆಗೆ ಹೊರಗಿನಿಂದ ಆಸರೆಯಾಗಿದ್ದ ಎರಡು ಪದ್ಧತಿಗಳನ್ನು ಇಲ್ಲಿ ಗಮನಿಸಬೇಕು. ಬಡಿಗ, ಕಮ್ಮಾರ, ಸಮಗಾರ ಮೊದಲಾದವರು ವರ್ಷವಿಡೀ ಒಕ್ಕಲಿಗನ ಕೆಲಸ ಮಾಡಿ ಸುಗ್ಗಿಯಲ್ಲಿ ಕಣದಿಂದ ಕಾಳಿನ ಪಾಲು ಪಡೆಯುತ್ತಿದ್ದ ‘ಆಯ’ದ ಪದ್ಧತಿಯಿಂದ ಕೂರಿಗೆ, ಕುಂಟೆ, ಚಪ್ಪಲಿಗಳಿಗೆ ರೊಕ್ಕದ ಅಗತ್ಯವೇ ಬೀಳುತ್ತಿರಲಿಲ್ಲ. ಉಳಿದ ಕೊರತೆಯನ್ನು ‘ಉದ್ರಿ’, ಅಂದರೆ ಸುಗ್ಗಿಗೆ ತೀರಿಸುವ ಸಾಲದ ಖರೀದಿ, ತುಂಬುತ್ತಿತ್ತು. ಮಳೆ ಕೈಕೊಟ್ಟ ವರ್ಷ ಇದೇ ಉದ್ರಿ ಹೊಲವನ್ನೇ ಒತ್ತೆಯಿಡುವಂತೆ ಮಾಡುತ್ತಿತ್ತೆಂಬುದನ್ನೂ ಮರೆಯಲಾಗದು.

ಇಂತಹ ಮಾರುಕಟ್ಟೆಯ ಮಿತಿಯನ್ನು 1876–78ರ ಬರ ಕ್ರೂರವಾಗಿ ತೋರಿಸಿತು. ಎತ್ತಿನ ಹೇರು ಹಾಗೂ ಬಂಡಿಗಳ ಮೇಲೆ, ಲಂಬಾಣಿಗರಂತಹ ಸಾಗಣೆಗಾರರ ಮೇಲೆ ನಿಂತಿದ್ದ ವ್ಯವಸ್ಥೆಗೆ ಮೇವು ನೀರಿಲ್ಲದ ದಾರಿಯಲ್ಲಿ ದೂರದ ಕಾಳನ್ನು ಸಾಕಷ್ಟು ತರಲಾಗಲಿಲ್ಲ. ಆ ಬಳಿಕ, 1884ರಲ್ಲಿ, ಹೋಟಗಿಯಿಂದ ವಿಜಯಪುರದ ಮಾರ್ಗವಾಗಿ ಗದಗಕ್ಕೆ ರೈಲುಹಳಿ ತೆರೆಯಿತು. ಮರುವರ್ಷ ಜಿಲ್ಲೆಯ ಕೇಂದ್ರವೂ ಕಲಾದಗಿಯಿಂದ ವಿಜಯಪುರಕ್ಕೆ ಬಂದಿತು. ಕಾಳು ಮತ್ತು ಹತ್ತಿಯ ಸಗಟು ವ್ಯಾಪಾರ ರೈಲಿನ ಬಳಿಗೆ ಸರಿಯಿತಾದರೂ, ಹಳಿ ಮುಟ್ಟದ ಸಿಂದಗಿ ಮತ್ತು ಮುದ್ದೇಬಿಹಾಳಗಳಲ್ಲಿ ಬಂಡಿಯ ದಾರಿ ಹಾಗೂ ವಾರದ ಸಂತೆಗಳ ಮಹತ್ವ ಮುಂದೆಯೂ ಕುಂದಲಿಲ್ಲ.

ಕೊಳ್ಳುವವನ ನೆರವಿಗಿದ್ದ ಸಂತೆ ಬೆಳೆದು ಮಾರುವವನಿಗೆ ಅಷ್ಟೇ ನ್ಯಾಯ ಒದಗಿಸಿತೆನ್ನಲಾಗದು. ದನದ ಸಂತೆಯಲ್ಲಿ ವಲ್ಲಿಯ, ಅಂದರೆ ಹೆಗಲಬಟ್ಟೆಯ, ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ಪದ್ಧತಿ ಇಬ್ಬರ ಗುಟ್ಟನ್ನೂ ಕಾಯುತ್ತಿತ್ತು. ಇದೇ ಪದ್ಧತಿಯನ್ನು ಅಡತಿ ಅಂಗಡಿಗಳಲ್ಲಿ, ಎಂದರೆ ದಲ್ಲಾಳಿ ಹಣ ಪಡೆದು ರೈತನ ಮಾಲು ಮಾರಿಕೊಡುವ ಅಂಗಡಿಗಳಲ್ಲಿ, ಬಳಸಿದಾಗ ತನ್ನ ಕಾಳಿನ ಬೆಲೆ ರೈತನಿಗೇ ತಿಳಿಯುತ್ತಿರಲಿಲ್ಲ. ಬಹಿರಂಗ ಹರಾಜು ಮತ್ತು ಸರಿಯಾದ ತೂಕವನ್ನು ಗುರಿಯಾಗಿರಿಸಿಕೊಂಡ ಮುಂಬಯಿ ಪ್ರಾಂತದ 1939ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯೂ, ಏಕೀಕರಣದ ನಂತರ ರಾಜ್ಯವು 1966ರಲ್ಲಿ ತಂದ ಕಾಯ್ದೆಯೂ ಈ ಅನ್ಯಾಯಕ್ಕೆ ಕೊಟ್ಟ ಉತ್ತರಗಳು. 1956ರ ತೂಕ ಮತ್ತು ಅಳತೆಗಳ ಕಾಯ್ದೆಯಿಂದ ಸೇರಿನ ಜಾಗಕ್ಕೆ ಕಿಲೋ ಬಂದರೂ, ಪಾವಕಿಲೋ ಕೇಳುವ ಕೂಲಿಕಾರ ಬರಿಗೈಯಲ್ಲಿ ಮರಳುವ ಪ್ರಮೇಯ ಬರಲಿಲ್ಲ.

ಆದಿಲ್‌ಶಾಹಿ ಪೇಟೆಯ ಅಗಲವನ್ನು ಗಜದ ಲೆಕ್ಕದಲ್ಲಿ ಬರೆದಿಟ್ಟವರಿದ್ದಾರೆ. ಸಂತೆಯ ಅಳತೆ, ಅದಲುಬದಲು, ಉದ್ರಿಯ ಕಟ್ಟಳೆಗಳನ್ನು ಬರೆದಿಟ್ಟವರು ತೀರ ಕಡಿಮೆ. ಆ ಸಂಗತಿಗಳನ್ನು ಬಲ್ಲ ಹಿರಿಯರೂ ಅಂಗಡಿಗಳ ಹಳೆಯ ಖಾತೆಪುಸ್ತಕಗಳೂ ಉಳಿದಿರುವಾಗಲೇ ಅವುಗಳನ್ನು ಊರೂರಿಗೆ ಹೋಗಿ ಸಂಗ್ರಹಿಸುವುದು ಈ ಸೀಮೆಯ ಇತಿಹಾಸಕಾರರ ಮುಂದಿರುವ ತುರ್ತಿನ ಕೆಲಸ. ಅರಸೊತ್ತಿಗೆಗಳು ಉರುಳಿದ ಬಳಿಕವೂ ಜನ ಹೇಗೆ ಉಂಡರು, ಉಟ್ಟರು ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ.