ವಿದ್ಯುನ್ನಾದದ ಚರಿತ್ರೆ: ಕೈವಾರದ ತಂಬೂರಿಯಿಂದ ಶ್ರುತಿಯಂತ್ರದವರೆಗೆ

ಸಂಗೀತದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ವಾಗ್ಗೇಯಕಾರರನ್ನೂ ಗಾಯಕರನ್ನೂ ಅವರಿಗೆ ಆಶ್ರಯವಿತ್ತ ಅರಸರನ್ನೂ ಕುರಿತು ಬರೆಯುತ್ತಾರೆ; ಉಪಕರಣಗಳ ಮಾತು ಅಡಿಟಿಪ್ಪಣಿಯಲ್ಲಿ ಮುಗಿದುಹೋಗುತ್ತದೆ. ಆದರೆ ಹೊಸ ಉಪಕರಣವೊಂದು ಕೈಗೆ ಬಂದಾಗ ಕಲಾವಿದನ ಸೃಜನಶಕ್ತಿ ಕುಂದುವುದೋ ಮರಳಿ ಚಿಗುರುವುದೋ ಎಂಬ ಪ್ರಶ್ನೆಯನ್ನು ಚರಿತ್ರಕಾರನು ಉಪೇಕ್ಷಿಸತಕ್ಕದ್ದಲ್ಲ. ವಿದ್ಯುತ್ತಿನಿಂದ ನಾದವನ್ನು ಹುಟ್ಟಿಸುವ ಯಂತ್ರಗಳು ನಮ್ಮಲ್ಲಿ ನೆಲೆಸಿದ ಬಗೆಯನ್ನು ಪರಿಶೀಲಿಸಿ ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದು ಪ್ರಕೃತ ಲೇಖನದ ಉದ್ದೇಶ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಸೀಮೆಯನ್ನು ಇದಕ್ಕೆ ನಿದರ್ಶನವಾಗಿ ಇಟ್ಟುಕೊಂಡಿದ್ದೇವೆ.

2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಈ ಸೀಮೆಯಲ್ಲಿ ಕನ್ನಡ ತೆಲುಗುಗಳೆರಡೂ ಮನೆಮಾತುಗಳು. ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣರು, ಜನರ ಬಾಯಲ್ಲಿ ಕೈವಾರ ತಾತಯ್ಯನವರು, ಬಳೆ ಮಾರುತ್ತಿದ್ದು ಯೋಗಿಗಳಾದರೆಂದು ಪ್ರತೀತಿ. ಅವರ ಪದಗಳು ಎರಡು ಭಾಷೆಗಳಲ್ಲಿಯೂ ಇವೆ. ತತ್ತ್ವಪದವನ್ನು ಹಾಡುವವನಿಗೆ ಒಂದು ತಂಬೂರಿ, ಒಂದು ಜೊತೆ ತಾಳ ಇದ್ದರೆ ಸಾಕು. ಉಪಕರಣ ಅಲ್ಪವಾದರೂ ಅದು ಕೊಡುವ ಆಧಾರಶ್ರುತಿಯಿಲ್ಲದೆ ಹಾಡು ನಿಲ್ಲದು. ಶಾಸ್ತ್ರೀಯ ಗಾಯಕನ ತಂಬೂರಿಗೂ ಇದೇ ಮಾತು ಸಲ್ಲುತ್ತದೆ.

ನಾದವೆಂದರೆ ಕಂಪನ; ಕಂಪನವನ್ನು ವಿದ್ಯುತ್ತಾಗಿಯೂ ವಿದ್ಯುತ್ತನ್ನು ಕಂಪನವಾಗಿಯೂ ಮಾರ್ಪಡಿಸಬಹುದು. ಈ ತತ್ತ್ವದ ಒಂದು ಪ್ರಯೋಗ ಗೌರಿಬಿದನೂರಿನವರಿಗೆ ಅಪರಿಚಿತವಲ್ಲ. 1960ರ ದಶಕದಲ್ಲಿ ಅಲ್ಲಿ ನೆಲೆಗೊಂಡ ಭೂಕಂಪಮಾಪಕಗಳ ಜಾಲವು ನೆಲದ ನಡುಕವನ್ನು ವಿದ್ಯುತ್ಸಂಕೇತವಾಗಿ ಬರೆದಿಟ್ಟಿತು. ಸಂಗೀತಯಂತ್ರವು ಅದೇ ದಾರಿಯಲ್ಲಿ ಹಿಮ್ಮುಖವಾಗಿ ನಡೆಯುತ್ತದೆ: ವಿದ್ಯುತ್ತಿನ ಆಂದೋಲನವನ್ನು ಧ್ವನಿವರ್ಧಕದ ಮೂಲಕ ಕಿವಿಗೆ ಮುಟ್ಟಿಸುತ್ತದೆ.

ಯುರೋಪಿನಲ್ಲಿ ಈ ಪ್ರಯತ್ನ ಬೇಗನೆ ಮೊದಲಾಯಿತು. 1948ರಲ್ಲಿ ಪ್ಯಾರಿಸಿನಲ್ಲಿ ಪಿಯೆರ್ ಶೆಫರ್ ಮುದ್ರಿತ ಧ್ವನಿಗಳನ್ನು ಜೋಡಿಸಿ ಸಂಗೀತವನ್ನು ಕಟ್ಟಿದನು. 1951ರಲ್ಲಿ ಕಲೋನ್ ಬಾನುಲಿಯಲ್ಲಿ ಇಂಥ ಸಂಗೀತಕ್ಕಾಗಿಯೇ ಒಂದು ಪ್ರಯೋಗಶಾಲೆ ಏರ್ಪಟ್ಟಿತು. ನಮ್ಮಲ್ಲಿಯೂ ಯಂತ್ರಕುತೂಹಲಕ್ಕೆ ಕೊರತೆಯಿರಲಿಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಪ್ರಸಾರಯಂತ್ರವನ್ನು ಹೂಡಿ ಬಾನುಲಿಯನ್ನು ಆರಂಭಿಸಿದುದು ಇದಕ್ಕೆ ಸಾಕ್ಷಿ. ಹೊಸ ಸಲಕರಣೆ ಹೊಸ ಕಲ್ಪನೆಯನ್ನು ಕೆಣಕುವುದೆಂಬುದನ್ನು ಆ ಸಾಹಸ ತೋರಿಸಿಕೊಟ್ಟಿತು.

ಭಾರತದಲ್ಲಿ ವಿದ್ಯುನ್ನಾದದ ಚರಿತ್ರೆಗೆ ಎರಡು ಘಟನೆಗಳು ಮುಖ್ಯ. ಮೊದಲನೆಯದು ಅಹಮದಾಬಾದಿನದು. 1969ರಲ್ಲಿ ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಮೂಗ್ ಯಂತ್ರವನ್ನು ಸ್ಥಾಪಿಸಿದನು. ಗೀತಾ ಸಾರಾಭಾಯಿ, ಎಸ್. ಸಿ. ಶರ್ಮಾ, ಅತುಲ್ ದೇಸಾಯಿ ಮೊದಲಾದವರು ಅದರಿಂದ ಹೊಸ ರಚನೆಗಳನ್ನು ಮಾಡಿದರು. ಕೆಲವೇ ವರ್ಷಗಳಲ್ಲಿ ಕಾರ್ಯ ನಿಂತಿತು. ಸಂಸ್ಥೆಯ ಸಂಗ್ರಹದಲ್ಲಿದ್ದ ಧ್ವನಿಸುರುಳಿಗಳತ್ತ ಲೋಕದ ಗಮನ ಹರಿದದ್ದು 2017ರ ಅನಂತರ. ಎರಡನೆಯದು ಬೆಂಗಳೂರಿನದು. ಕೊಳಲುವಾದಕರೂ ಎಂಜಿನಿಯರರೂ ಆದ ಜಿ. ರಾಜ್ ನಾರಾಯಣ್ 1979ರಲ್ಲಿ ರೇಡೆಲ್ ಸಂಸ್ಥೆಯನ್ನು ಆರಂಭಿಸಿ ವಿದ್ಯುತ್ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ಮುಂದೆ ವಿದ್ಯುತ್ ತಂಬೂರಿ, ತಬಲಾಯಂತ್ರಗಳೂ ಬಂದವು.

ಮೊದಲನೆಯ ಪ್ರಯೋಗ ಧೀರವಾದುದು, ಆದರೆ ಅದು ಒಂದು ಕೊಠಡಿಯನ್ನು ದಾಟಲಿಲ್ಲ. ಎರಡನೆಯದು ವಿನಯದ ಪ್ರಯೋಗ. ಅದು ಮನೆಮನೆಯ ಪಾಠದ ಕೋಣೆಯನ್ನೂ ಭಜನಮಂದಿರವನ್ನೂ ಹೊಕ್ಕಿತು. ಕಾರಣವನ್ನು ಬೆಲೆಯಲ್ಲಿ ಮಾತ್ರ ಹುಡುಕುವುದು ಸಮಂಜಸವಲ್ಲ. ತಂತಿಯ ತಂಬೂರಿ ಹವೆಯ ಏರಿಳಿತಕ್ಕೆ ಶ್ರುತಿ ತಪ್ಪುತ್ತದೆ. ಅದನ್ನು ಮೀಟಲು ಇನ್ನೊಬ್ಬರು ಬೇಕು. ತಿದಿಯ ಶ್ರುತಿಪೆಟ್ಟಿಗೆ ಒಂದು ಕೈಯನ್ನು ಸದಾ ಹಿಡಿದಿಡುತ್ತದೆ. ಊರಿನಲ್ಲಿ ಒಂಟಿಯಾಗಿ ಅಭ್ಯಾಸಮಾಡುವ ವಿದ್ಯಾರ್ಥಿಯ ಈ ತೊಡಕನ್ನು ಸ್ವತಃ ವಾದಕರಾದವರು ಬಲ್ಲರು. ಬಿಡುವಾದ ಕೈ, ಕದಲದ ಷಡ್ಜ, ಹೊತ್ತಿನ ಹಂಗಿಲ್ಲದ ಸಾಧನೆ: ಇವು ದೊರೆತಾಗ ಬಿಟ್ಟುಹೋದ ಅಭ್ಯಾಸವನ್ನು ಮತ್ತೆ ಹಿಡಿಯುವುದು ಸುಲಭವಾಯಿತು.

ಹಾಗೆಂದು ಯಂತ್ರವೆಲ್ಲವೂ ಉಪಕಾರಿಯೆಂದು ಹೇಳಲಾಗದು. ಅಂಗಡಿಯಲ್ಲಿ ದೊರೆಯುವ ಕೀಬೋರ್ಡು ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿದೆ. ತಂಬೂರಿಯ ಮಂದ್ರ ತಂತಿಯಲ್ಲಿ ತಾನಾಗಿ ಕೇಳಿಬರುವ ಅಂತರ ಗಾಂಧಾರವು ಷಡ್ಜಕ್ಕೆ 5/4ರ ಪ್ರಮಾಣದಲ್ಲಿದೆ. ಅರ್ಧಸ್ವರವೊಂದನ್ನು 100 ಪಾಲು ಮಾಡಿದರೆ ಕೀಬೋರ್ಡಿನ ಗಾಂಧಾರ ಇದಕ್ಕಿಂತ ಸುಮಾರು 14 ಪಾಲು ಮೇಲಿದೆ. ಗಮಕಕ್ಕೆ ಅಲ್ಲಿ ಎಡೆಯೇ ಕಡಮೆ. ಆದರೂ ಯಂತ್ರದ ಮಿತಿಯನ್ನರಿತು ಅದನ್ನು ತಿದ್ದಿಕೊಂಡವರು ಗೆದ್ದಿದ್ದಾರೆ. ಯು. ಶ್ರೀನಿವಾಸ್ (1969-2014) ಮ್ಯಾಂಡೊಲಿನ್ನಿನ ಜೋಡಿತಂತಿಗಳನ್ನು ಬಿಟ್ಟು, ಐದು ಒಂಟಿತಂತಿಗಳ ವಿದ್ಯುತ್ ವಾದ್ಯವನ್ನು ಮಾಡಿಸಿಕೊಂಡು, ನಾದಕ್ಕೆ ದೀರ್ಘತೆಯನ್ನೂ ಗಮಕಕ್ಕೆ ಅವಕಾಶವನ್ನೂ ಪಡೆದರು. ಶಿಡ್ಲಘಟ್ಟದ ರೇಷ್ಮೆಯ ಬಿಚ್ಚಣಿಕೆಯನ್ನು ಕಂಡವರಿಗೆ ಇದು ಹೊಸ ಮಾತಲ್ಲ: ಚರಕ ಹೋಗಿ ಯಂತ್ರ ಬಂದರೂ ಗೂಡಿನ ಗುಣವನ್ನರಿಯುವ ಕಣ್ಣು ಬೇಕೇ ಬೇಕು.

ಆದಕಾರಣ ನಮ್ಮ ನಿರ್ಣಯ ಇಷ್ಟು. ಹೊಸ ಉಪಕರಣವು ಸೃಷ್ಟಿಗೆ ನಿಮಿತ್ತವಾಗುವುದು, ಅದನ್ನು ಹಿಡಿದವನು ತನ್ನ ಸಂಪ್ರದಾಯದ ಪ್ರಶ್ನೆಯೊಂದನ್ನು ಅದರ ಮುಂದೆ ಇಟ್ಟಾಗ; ಸಿದ್ಧವಾಗಿ ಬಂದುದನ್ನು ಬಂದಂತೆ ನುಡಿಸಿದಾಗಲ್ಲ. ಇಂದು ವಿದ್ಯಾರ್ಥಿಯ ಕಿಸೆಯಲ್ಲಿರುವ ದೂರವಾಣಿಯು ಧ್ವನಿಮುದ್ರಣಕ್ಕೂ ನಾದಸಂಯೋಜನೆಗೂ ಒದಗುತ್ತದೆ. 1969ರಲ್ಲಿ ಒಂದು ದೊಡ್ಡ ಸಂಸ್ಥೆಗೆ ಮಾತ್ರ ಸಾಧ್ಯವಿದ್ದುದು ಈಗ ಅವನಿಗೆ ಸಾಧ್ಯ. ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳು ತಮ್ಮ ಸುತ್ತಣ ತತ್ತ್ವಪದಕಾರರ ಹಾಡನ್ನು ಅವರ ಒಪ್ಪಿಗೆಯಿಂದ ಮುದ್ರಿಸಿಡಲಿ. ಅವರು ಹಿಡಿಯುವ ಶ್ರುತಿಯನ್ನೂ ಗಾಂಧಾರದ ನೆಲೆಯನ್ನೂ ಅಳೆದು ನೋಡಲಿ. ಆ ಅಳತೆಗೆ ಒಗ್ಗುವ ಯಂತ್ರವನ್ನು ವಿಜ್ಞಾನ ವಿಭಾಗದವರೊಡನೆ ಕಟ್ಟಲಿ. ಅಹಮದಾಬಾದಿನ ಸುರುಳಿಗಳಂತೆ ಅರ್ಧಶತಮಾನ ಕಾಯುವಷ್ಟು ವ್ಯವಧಾನ ಹಳೆಯ ಹಾಡುಗಾರರಿಗಿಲ್ಲವೆಂಬುದನ್ನು ನಾವು ಮರೆಯಬಾರದು.