ಹಂಗಳದ ಸೆರೆವಾಸವೂ ಧರ್ಮದ ಬೆಲೆಯೂ



ತತ್ತ್ವವಿಚಾರದ ಕಣ್ಣಿನಿಂದ ನೋಡಿದಾಗ ಧರ್ಮಕ್ಕೆ ಇಂದಿಗೂ ಏನಾದರೂ ಬೆಲೆಯುಂಟೆ ಎಂಬ ಪ್ರಶ್ನೆಯನ್ನು ನಿಮ್ಮಲ್ಲಿ ಕೆಲವರು ಆಗಾಗ ನನ್ನ ಮುಂದಿಡುತ್ತೀರಿ. ಮಳೆ ಏಕೆ ಬರುತ್ತದೆ, ರೋಗ ಏಕೆ ಹರಡುತ್ತದೆ ಎಂದು ತಿಳಿಯಲು ಈಗ ಯಾರೂ ಪುರಾಣವನ್ನು ತೆರೆಯಬೇಕಾಗಿಲ್ಲ. ಒಳ್ಳೆಯ ನಡತೆಗೆ ಕಾನೂನೂ ವಿವೇಕವೂ ಸಾಕೆಂದು ವಾದಿಸುವವರಿದ್ದಾರೆ. ಹಾಗಿದ್ದ ಮೇಲೆ ಧರ್ಮದ ಪಾಲಿಗೆ ಉಳಿದಿರುವುದೇನು? ನಾನು ಚರಿತ್ರೆಯನ್ನು ಪಾಠ ಹೇಳಿದವನು. ಬರಿಯ ತರ್ಕಕ್ಕಿಂತ ನಡೆದ ಸಂಗತಿಗಳ ಮೂಲಕ ಯೋಚಿಸುವುದು ನನಗೆ ರೂಢಿ. ಈ ಪ್ರಶ್ನೆಯನ್ನು ಉಜ್ಜಿ ನೋಡಲು ತಕ್ಕ ಒರೆಗಲ್ಲೊಂದು ನಮ್ಮ ಹಂಗಳದ ಚರಿತ್ರೆಯಲ್ಲಿಯೇ ಇದೆ.

ಗುಂಡ್ಲುಪೇಟೆಯಿಂದ ಊಟಿಯ ಕಡೆಗೆ ಹೋಗುವವರಿಗೆ ಹಂಗಳವೆಂದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಬಲಗಡೆ ತಿರುಗುವ ಊರು, ಅಷ್ಟೆ. ಆದರೆ ದೇವರಾಜ ಒಡೆಯರ ಆಳ್ವಿಕೆಯಲ್ಲಿ (1659–1673) ಮೈಸೂರಿನ ಮುಂದಿನ ದೊರೆಯನ್ನು ಇರಿಸಿದ್ದುದು ಇಲ್ಲಿಯೇ. 1645ರಲ್ಲಿ ಹುಟ್ಟಿದ ಚಿಕ್ಕದೇವರಾಜನು ಸಿಂಹಾಸನಕ್ಕೆ ಎಡರಾಗಬಾರದೆಂದು ರಾಜಧಾನಿಯಿಂದ ದೂರ, ಕಾಡಿನ ಅಂಚಿನ ಈ ಊರಿನಲ್ಲಿ ಕಾವಲಿನಲ್ಲಿ ಕಾಲ ಕಳೆಯಬೇಕಾಯಿತು. ಆ ದಿನಗಳಲ್ಲಿ ಅವನಿಗೆ ಆಪ್ತನಾಗಿದ್ದವನು ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ. ಅರಸುತನ ಬಂದರೆ ನೀನೇ ನನ್ನ ಮಂತ್ರಿ ಎಂದು ರಾಜಕುಮಾರನು ಮಾತು ಕೊಟ್ಟಿದ್ದನೆಂದು ಹೇಳುತ್ತಾರೆ. 1673ರಲ್ಲಿ ಪಟ್ಟವೇರಿದಾಗ ಆ ಮಾತನ್ನು ಉಳಿಸಿಕೊಂಡನು.

ಹೊಸ ದೊರೆಯ ಮಂತ್ರಾಲೋಚನ ಸಭೆಯಲ್ಲಿ ಐವರಿದ್ದರು. ಜೈನನಾದ ವಿಶಾಲಾಕ್ಷ ಪಂಡಿತ, ಶ್ರೀವೈಷ್ಣವರಾದ ತಿರುಮಲಾರ್ಯ ಮತ್ತು ಚಿಕ್ಕುಪಾಧ್ಯಾಯ, ವೀರಶೈವನಾದ ಷಡಕ್ಷರಯ್ಯ, ಇವರೊಡನೆ ಕರಣಿಕ ಲಿಂಗಣ್ಣಯ್ಯ. ದೊರೆಯಾದರೋ ಮೇಲುಕೋಟೆಯ ನಾರಾಯಣನ ಭಕ್ತ. ಅರಮನೆಯಲ್ಲಿ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಯಳಂದೂರಿನ ಹೊನ್ನಮ್ಮ 'ಹದಿಬದೆಯ ಧರ್ಮ'ವನ್ನು ಬರೆದುದು ಇದೇ ಕಾಲದಲ್ಲಿ. ಪಾತಿವ್ರತ್ಯವನ್ನು ಬೋಧಿಸುವ ಆ ಕೃತಿಯೊಳಗೇ ಅವಳು ಹೆಣ್ಣನ್ನು ಹೀಗಳೆಯುವವರನ್ನು ನೇರವಾಗಿ ಪ್ರಶ್ನಿಸಿದಳು. ಒಂದೇ ಅರಮನೆಯಲ್ಲಿ ಇಷ್ಟು ಮತಗಳೂ ಇಷ್ಟು ದನಿಗಳೂ ಇದ್ದವೆಂಬುದು ಇಂದಿನವರಿಗೆ ಅಚ್ಚರಿಯೆನಿಸೀತು.

ಚಿತ್ರದ ಇನ್ನೊಂದು ಮಗ್ಗುಲು ಕರಾಳವಾದುದು. ಚಿಕ್ಕದೇವರಾಜನ ಕಾಲದಲ್ಲಿ ತೆರಿಗೆಯ ಹೊರೆ ಹೆಚ್ಚಿತು. ರೈತರು ಎದುರು ನಿಂತರು. ಊರೂರಿನ ಜಂಗಮರು ಅವರ ಬೆನ್ನಿಗೆ ನಿಂತರು. ಮುಂದೆ ನಡೆದುದನ್ನು ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸದಲ್ಲಿ ಬರೆದಿದ್ದಾನೆ. ಮಾತುಕತೆಯ ನೆಪದಲ್ಲಿ ನಂಜನಗೂಡಿಗೆ ಕರೆಸಿ ನಾನೂರು ಜಂಗಮರನ್ನು ಕೊಲ್ಲಿಸಲಾಯಿತೆಂದೂ ಏಳುನೂರು ಮಠಗಳನ್ನು ಕೆಡವಲಾಯಿತೆಂದೂ ಅವನ ಹೇಳಿಕೆ. ಈ ಸಂಖ್ಯೆಗಳನ್ನೂ ವಿವರಗಳನ್ನೂ ಅನಂತರದ ವಿದ್ವಾಂಸರು ಪ್ರಶ್ನಿಸಿದ್ದಾರೆ. ರೈತರ ದಂಗೆಯನ್ನು ಕಠೋರವಾಗಿ ಹತ್ತಿಕ್ಕಲಾಯಿತೆಂಬುದು ಮಾತ್ರ ನಿಲ್ಲುತ್ತದೆ. ಇದಕ್ಕೆಲ್ಲ ವಿಶಾಲಾಕ್ಷ ಪಂಡಿತನೇ ಕಾರಣನೆಂಬ ಸಿಟ್ಟು ಹಬ್ಬಿತು. 1686ರಲ್ಲಿ ಅವನ ಕೊಲೆಯಾಯಿತು.

ಈ ಘಟನಾವಳಿಯಲ್ಲಿ ಧರ್ಮವು ಮೂರು ಕಡೆಯಲ್ಲಿ ನಿಂತಿರುವುದನ್ನು ಗಮನಿಸಬೇಕು.

ಮೊದಲನೆಯದು ದೊರೆಯ ಪಕ್ಕದಲ್ಲಿ. 'ಚಿಕದೇವರಾಜ ಬಿನ್ನಪ' ಎಂಬ ಗದ್ಯಕೃತಿ ಅವನ ಹೆಸರಿನಲ್ಲಿದೆ. ಅದನ್ನು ಬರೆದವನು ತಿರುಮಲಾರ್ಯನೇ ಇರಬಹುದೆಂದು ಹೇಳುವ ವಿದ್ವಾಂಸರೂ ಇದ್ದಾರೆ. ಯಾರೇ ಬರೆದಿರಲಿ, ಅಲ್ಲಿ ನಾಡೆಲ್ಲ ಯಾರಿಗೆ ಬಿನ್ನವಿಸಿಕೊಳ್ಳುತ್ತಿತ್ತೋ ಆ ದೊರೆಯೇ ನಾರಾಯಣನ ಮುಂದೆ ಬಿನ್ನವಿಸಿಕೊಳ್ಳುವವನಾಗಿ ನಿಂತಿದ್ದಾನೆ. ತನಗಿಂತ ಮೇಲೊಂದು ಇದೆಯೆಂದು ಅಧಿಕಾರವು ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ಆದರೆ ದೇವರ ಮುಂದೆ ಬಾಗಿದ ಆ ತಲೆ ರೈತನ ಬಿನ್ನಪಕ್ಕೆ ಬಾಗಲಿಲ್ಲ. ಗುಡಿಯೊಳಗಿನ ವಿನಯವು ಕಂದಾಯದ ಕಚೇರಿಯವರೆಗೆ ನಡೆದು ಬರಲಿಲ್ಲ. ಭಕ್ತಿಯಿದ್ದ ಮಾತ್ರಕ್ಕೆ ನ್ಯಾಯ ಬರುವುದಿಲ್ಲ ಎಂಬ ಪಾಠ ಇಲ್ಲಿದೆ.

ಎರಡನೆಯದು ರೈತರ ಪಕ್ಕದಲ್ಲಿ. ಪತ್ರಿಕೆಯಿಲ್ಲದ, ನ್ಯಾಯಾಲಯವಿಲ್ಲದ, ಮತದಾನವಿಲ್ಲದ ಆ ಕಾಲದಲ್ಲಿ ಚದುರಿದ ಹಳ್ಳಿಗಳ ದುಃಖವನ್ನು ಒಂದು ದನಿಯಾಗಿ ಕೂಡಿಸಬಲ್ಲ ಸಂಸ್ಥೆಗಳಲ್ಲಿ ಮಠವು ಮುಖ್ಯವಾದುದು. ಧರ್ಮವನ್ನು ಕೇವಲ ಮೌಢ್ಯವೆನ್ನುವವರು ಇದಕ್ಕೆ ಲೆಕ್ಕ ಕೊಡಬೇಕಾಗುತ್ತದೆ.

ಮೂರನೆಯದೇ ನನಗೆ ಮುಖ್ಯವಾಗಿ ಕಾಣುವುದು. ಪ್ರಾಣ ಬಿಡುತ್ತಿದ್ದ ವಿಶಾಲಾಕ್ಷ ಪಂಡಿತನನ್ನು ದೊರೆಯು, ನಿನ್ನ ಅನಂತರ ಯಾರನ್ನು ಮಂತ್ರಿಯನ್ನಾಗಿ ಮಾಡಲಿ ಎಂದು ಕೇಳಿದನಂತೆ. ಪಂಡಿತನು ತನ್ನ ಮತದವನನ್ನು ಹೆಸರಿಸಲಿಲ್ಲ. ಶ್ರೀವೈಷ್ಣವನಾದ ತಿರುಮಲಾರ್ಯನೇ ಯೋಗ್ಯನೆಂದು ಸೂಚಿಸಿದನು. ಹಾಗೆಂದು ವಿಲ್ಕ್ಸ್‌ನ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಮುಂದೆ ತಿರುಮಲಾರ್ಯನೇ ಪ್ರಧಾನಿಯಾದುದು ಚರಿತ್ರೆ. ಪಂಡಿತನನ್ನು ನಾನು ನಿಷ್ಕಳಂಕನೆಂದು ಹೇಳಲಾರೆ. ಆ ತೆರಿಗೆಗಳ ಕಾಲದಲ್ಲಿ ಮಂತ್ರಿಯಾಗಿದ್ದವನು ಅವನೇ. ಆದರೂ ಮತದ್ವೇಷದ ನಡುವೆ ಗಾಯಗೊಂಡು ಮಲಗಿದವನೊಬ್ಬನು ಬೇರೆ ಮತದವನ ಯೋಗ್ಯತೆಯನ್ನು ಕೊನೆಯ ಮಾತಾಗಿ ನುಡಿಯುವುದು ಎಲ್ಲರಿಗೂ ಸಾಧ್ಯವಾಗುವ ಕೆಲಸವೇ?

ನಮ್ಮ ದೊರೆ ಹಂಗಳದಲ್ಲಿದ್ದ ಕಾಲದಲ್ಲಿಯೇ, 1670ರಲ್ಲಿ, ದೂರದ ಆಮ್‌ಸ್ಟರ್‌ಡ್ಯಾಮಿನಲ್ಲಿ ಹೆಸರಿಲ್ಲದೆ ಒಂದು ಗ್ರಂಥ ಅಚ್ಚಾಯಿತು. ಬರೆದವನು ಸ್ಪಿನೋಜ. 1656ರಲ್ಲಿ ಅವನ ಯೆಹೂದಿ ಸಮುದಾಯವೇ ಅವನಿಗೆ ಬಹಿಷ್ಕಾರ ಹಾಕಿತ್ತು. ಸತ್ಯವನ್ನು ಹುಡುಕುವುದು ತತ್ತ್ವಶಾಸ್ತ್ರದ ಕೆಲಸ. ಧರ್ಮದ ಕೆಲಸವೆಂದರೆ ಜನರನ್ನು ನ್ಯಾಯಕ್ಕೂ ಪರರ ಮೇಲಿನ ಪ್ರೀತಿಗೂ ಒಲಿಸುವುದು. ಒಬ್ಬನ ಶ್ರದ್ಧೆಯನ್ನು ಅವನ ನಡತೆಯಿಂದಲೇ ಅಳೆಯಬೇಕು ಎಂಬುದು ಅವನ ವಾದದ ಸಾರ. ಆ ಅಳತೆಗೋಲಿನಿಂದ ನೋಡಿದರೆ ಶ್ರೀರಂಗಪಟ್ಟಣದ ಕಥೆ ತಿಳಿಯಾಗುತ್ತದೆ. ಜೈನರ ಅನೇಕಾಂತವಾದವು ಒಂದು ತತ್ತ್ವ. ಸತ್ಯಕ್ಕೆ ಹಲವು ಮುಖಗಳುಂಟು, ನನಗೆ ಕಂಡುದಷ್ಟೇ ಎಲ್ಲವೂ ಅಲ್ಲ ಎಂಬ ಅದರ ಮಾತನ್ನು ಓದಿ ಒಪ್ಪಿಕೊಳ್ಳಲು ಅರ್ಧ ಗಂಟೆ ಸಾಕು. ನೋವಿನಲ್ಲಿಯೂ ಸಿಟ್ಟಿನಲ್ಲಿಯೂ ಅದು ಕೈಬಿಡದಂತೆ ನೆಲೆಗೊಳ್ಳಬೇಕಾದರೆ ಜೀವಮಾನದ ಅಭ್ಯಾಸ ಬೇಕು. ದಿನದಿನವೂ ತನ್ನ ತಪ್ಪನ್ನು ನೆನೆಯುವ ಪ್ರತಿಕ್ರಮಣ, ವರ್ಷಕ್ಕೊಮ್ಮೆ ಎಲ್ಲರಲ್ಲಿಯೂ ಕ್ಷಮೆ ಬೇಡುವ ಪದ್ಧತಿ, ಉಪವಾಸ, ವ್ರತ — ಇವೆಲ್ಲ ಅಂಥ ಅಭ್ಯಾಸದ ದಾರಿಗಳು. ವಿಶಾಲಾಕ್ಷನ ಅಂತರಂಗವನ್ನು ಹೊಕ್ಕು ನೋಡಿದವರಿಲ್ಲ. ಆದರೆ ಅಂಥ ಮಾತು ಆ ಗಳಿಗೆಯಲ್ಲಿ ಬರಬೇಕಾದರೆ ಮೊದಲೇ ಹದಗೊಂಡ ನೆಲ ಬೇಕೆಂಬುದು ನನ್ನ ನಂಬಿಕೆ.

ಹಾಗಾದರೆ ಧರ್ಮವಿಲ್ಲದೆಯೇ ಈ ಹದ ಬರಲಾರದೆ ಎಂದು ನೀವು ಕೇಳಬಹುದು. ಖಂಡಿತವಾಗಿಯೂ ಬರಬಹುದು. ದೇವರನ್ನು ನಂಬದ ಸಜ್ಜನರನ್ನು ನಾನೂ ನೀವೂ ಕಂಡಿದ್ದೇವೆ. ನಾನು ಹೇಳುವುದು ಇಷ್ಟೆ: ಜಗತ್ತನ್ನು ವಿವರಿಸುವ ಹೊಣೆಯನ್ನು ಧರ್ಮವು ವಿಜ್ಞಾನಕ್ಕೆ ಬಿಟ್ಟುಕೊಟ್ಟರೂ, ಆಳುವ ಹೊಣೆಯನ್ನು ಸಂವಿಧಾನಕ್ಕೆ ಬಿಟ್ಟುಕೊಟ್ಟರೂ, ಅದರ ಕೈ ಬರಿದಾಗುವುದಿಲ್ಲ. ತಿಳಿದದ್ದನ್ನು ನಡೆಯಾಗಿ ಮಾಡುವ ಅಭ್ಯಾಸ ಅದರ ಪಾಲಿಗೆ ಉಳಿಯುತ್ತದೆ. ಆ ಅಭ್ಯಾಸ ಯಾವ ದಿಕ್ಕಿಗೆ ಸಾಗುತ್ತಿದೆಯೆಂದು ಪ್ರಶ್ನಿಸುವ ಕೆಲಸ ತತ್ತ್ವವಿಚಾರಕ್ಕೆ ಉಳಿಯುತ್ತದೆ. ಪ್ರಶ್ನೆಯಿಲ್ಲದ ಭಕ್ತಿ ಏನನ್ನು ಸಹಿಸಿಕೊಂಡೀತೆಂಬುದಕ್ಕೆ ನಂಜನಗೂಡಿನ ಕಥೆಯೇ ಸಾಕ್ಷಿ. ಅಭ್ಯಾಸವಿಲ್ಲದ ತತ್ತ್ವವೋ ಪುಸ್ತಕದ ಕಪಾಟಿನಲ್ಲಿಯೇ ಉಳಿದುಬಿಡುತ್ತದೆ.

ಚಿಕ್ಕದೇವರಾಜನು ತಂದೆಯ ನೆನಪಿಗಾಗಿ ಗುಂಡ್ಲುಪೇಟೆಯಲ್ಲಿ ಪರವಾಸುದೇವನ ದೇವಾಲಯವನ್ನು ಕಟ್ಟಿಸಿದನು. ಕಾಲಾಂತರದಲ್ಲಿ ಅದು ಪಾಳುಬಿದ್ದು, ಮೂರ್ತಿಯು ಊರೊಳಗಿನ ವಿಜಯನಾರಾಯಣನ ಗುಡಿಯನ್ನು ಸೇರಿತು. ಅರಸರು ಕಟ್ಟಿಸಿದ ಕಲ್ಲಿಗೂ ಅಳಿವುಂಟು. ನೀವು ಯಾವ ಮತದವರೇ ಆಗಿರಿ, ಯಾವ ಮತವೂ ಬೇಡವೆನ್ನುವವರೇ ಆಗಿರಿ, ನಿಮ್ಮ ನಂಬಿಕೆಯನ್ನು ಒಂದು ಪ್ರಶ್ನೆಯಿಂದ ಪರೀಕ್ಷಿಸಿಕೊಳ್ಳಿ: ನನ್ನವನಲ್ಲದವನ ಯೋಗ್ಯತೆಯನ್ನು, ನನಗೆ ನಷ್ಟವಾಗುವ ಗಳಿಗೆಯಲ್ಲಿಯೂ, ಬಾಯಿಬಿಟ್ಟು ಹೇಳುವ ಶಕ್ತಿಯನ್ನು ಅದು ನನಗೆ ಕೊಟ್ಟಿದೆಯೇ? ಕೊಟ್ಟಿದ್ದರೆ ಅದಕ್ಕೆ ಬೆಲೆಯುಂಟು.