ಮಾತು ನಿಂತ ಮೇಲೆ ಯಾರ ಮಾತು?



ಕಳೆದ ಮಳೆಗಾಲದಲ್ಲಿ ಕಳಸದ ಕಡೆಯ ನನ್ನ ಹಳೆಯ ಸಹೋದ್ಯೋಗಿಯೊಬ್ಬರನ್ನು ಘಟ್ಟ ಇಳಿಸಿ ಕರಾವಳಿಯ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಹನ್ನೊಂದು ದಿನ ಅವರ ಉಸಿರನ್ನು ಯಂತ್ರವೇ ಆಡಿಸಿತು. ಬೆಂಗಳೂರಿನ ಮಗ ಸಾಕು ಎಂದ. ಹೊರದೇಶದಿಂದ ಧಾವಿಸಿ ಬಂದ ಮಗಳು ಬೇಡ, ಮುಂದುವರಿಸಿ ಎಂದಳು. "ಮೇಷ್ಟ್ರೇ, ಅಪ್ಪ ಏನು ಬಯಸುತ್ತಿದ್ದರು?" ಎಂದು ಇಬ್ಬರೂ ನನ್ನನ್ನೇ ಕೇಳಿದರು. ಒಂದೇ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದರೂ ನನ್ನ ಬಳಿ ಉತ್ತರವಿರಲಿಲ್ಲ. ಅವರು ತೀರಿಕೊಂಡ ಮೇಲೂ ಅಣ್ಣತಂಗಿಯರ ನಡುವೆ ಮಾತಿಲ್ಲ. ಈ ಲೇಖನ ಹುಟ್ಟಿದ್ದು ಅಲ್ಲಿಂದ.

ಭೀಷ್ಮನ ಇಚ್ಛಾಮರಣವನ್ನು ತಾಳಮದ್ದಳೆಗಳಲ್ಲಿ ಕೇಳುತ್ತ ಬೆಳೆದವರು ನಾವು. ಶ್ರವಣಬೆಳಗೊಳದ ಚಂದ್ರಗಿರಿಯ ಶಾಸನಗಳಲ್ಲಿ ಸಲ್ಲೇಖನ ಕೈಗೊಂಡವರ ಸ್ಮರಣೆಯಿದೆ. ಆದರೆ ಭೀಷ್ಮನಿಗೂ ಆ ಮುನಿಗಳಿಗೂ ಕೊನೆಯವರೆಗೆ ಪ್ರಜ್ಞೆಯಿತ್ತು, ಮಾತಿತ್ತು. ಪ್ರಜ್ಞೆ ತಪ್ಪಿದವನ ಪರವಾಗಿ ನುಡಿಯಬೇಕಾದವರು ಯಾರು ಎಂಬ ಪ್ರಶ್ನೆ ವೈದ್ಯವಿಜ್ಞಾನ ಬೆಳೆದ ಮೇಲೆ ತೀವ್ರವಾದದ್ದು. ಅಮೆರಿಕದ ಷಿಕಾಗೋ ನಗರದ ವಕೀಲ ಲೂಯಿಸ್ ಕುಟ್ನರ್ 1969ರಲ್ಲಿ ಇದಕ್ಕೊಂದು ದಾರಿ ಸೂಚಿಸಿದರು: ಆಸ್ತಿಗೆ ಉಯಿಲು ಬರೆಯುವಂತೆ ಚಿಕಿತ್ಸೆಯ ಬಗೆಗೂ ಮುಂಚಿತವಾಗಿಯೇ ಬರೆದಿಡಬಹುದು. 1976ರಲ್ಲಿ ಕ್ಯಾಲಿಫೋರ್ನಿಯ ಅದಕ್ಕೆ ಕಾನೂನಿನ ಮಾನ್ಯತೆ ನೀಡಿತು.

ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಮನೆಮನೆಗೆ ಮುಟ್ಟಿಸಿದವಳು ಕನ್ನಡನಾಡಿನ ಹೆಣ್ಣುಮಗಳು. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದಳು. 1973ರ ನವೆಂಬರ್ 27ರಂದು ಅಲ್ಲಿಯೇ ನಡೆದ ಕ್ರೂರ ಹಲ್ಲೆಯಿಂದ ಅವಳ ಮೆದುಳಿಗೆ ಚೇತರಿಸಿಕೊಳ್ಳಲಾರದ ಹಾನಿಯಾಯಿತು. ಲೇಖಕಿ ಪಿಂಕಿ ವಿರಾನಿ ಅವಳ ಪರವಾಗಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 2011ರ ಮಾರ್ಚ್ 7ರ ತೀರ್ಪು ಅವರ ಕೋರಿಕೆಯನ್ನು ತಳ್ಳಿಹಾಕಿತು. ಅವಳನ್ನು ದಶಕಗಳ ಕಾಲ ಮಗುವಿನಂತೆ ಸಲಹಿದ ಆಸ್ಪತ್ರೆಯ ಸಿಬ್ಬಂದಿಯೇ ಅವಳ ಪರವಾಗಿ ನುಡಿಯಲು ಅರ್ಹರು ಎಂದಿತು. ಆದರೆ ಅದೇ ತೀರ್ಪು, ಉಚ್ಚ ನ್ಯಾಯಾಲಯದ ಒಪ್ಪಿಗೆ ಪಡೆದು ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಬಹುದೆಂದೂ ಹೇಳಿತು. ಅರುಣಾ 2015ರ ಮೇ 18ರಂದು ತೀರಿಕೊಂಡಳು. ಅವಳ ಕಥೆಯಲ್ಲಿ ಎಲ್ಲರೂ ಮಾತನಾಡಿದರು, ಅವಳೊಬ್ಬಳನ್ನು ಬಿಟ್ಟು.

'ಕಾಮನ್ ಕಾಸ್' ಎಂಬ ಸಂಸ್ಥೆ 2005ರಲ್ಲೇ ಹೂಡಿದ್ದ ದಾವೆಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ 2018ರ ಮಾರ್ಚ್ 9ರಂದು, ಘನತೆಯಿಂದ ಸಾಯುವುದು ಸಂವಿಧಾನದ 21ನೆಯ ವಿಧಿಯಡಿ ಬರುವ ಹಕ್ಕೆಂದು ಸಾರಿ, ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ ಮಾನ್ಯತೆ ಕೊಟ್ಟಿತು. ವಿಷದ ಸೂಜಿ ಚುಚ್ಚುವ ದಯಾಮರಣಕ್ಕೆ ಇಲ್ಲಿ ಆಸ್ಪದವಿಲ್ಲವೆಂಬುದನ್ನು ಮರೆಯಬಾರದು. ಆದರೆ ಪತ್ರಕ್ಕೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಸಹಿ ಬೇಕೆಂದು ವಿಧಿಸಿದ್ದರು. ಉಯಿಲು ಬರೆಯುವುದಕ್ಕೇ ಹಿಂಜರಿಯುವ ನಮ್ಮ ತೋಟದ ಮನೆಗಳ ಹಿರಿಯರು ಇದಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತುವುದುಂಟೇ! 2023ರ ಜನವರಿ 24ರಂದು ನ್ಯಾಯಾಲಯವೇ ಈ ಗಂಟನ್ನು ಸಡಿಲಿಸಿತು.

ಈಗಿನ ಕ್ರಮ ಹೀಗಿದೆ. ಪ್ರಾಯಕ್ಕೆ ಬಂದ, ಸ್ವಸ್ಥ ಮನಸ್ಸಿನ ಯಾರೇ ಆಗಲಿ, ಯಾರ ಒತ್ತಾಯವೂ ಇಲ್ಲದೆ, ಎಂಥ ಸ್ಥಿತಿಯಲ್ಲಿ ಎಂಥ ಚಿಕಿತ್ಸೆ ಬೇಡವೆಂದು ಸ್ಪಷ್ಟವಾಗಿ ಬರೆದು, ತಮ್ಮ ಪರವಾಗಿ ನಿರ್ಧರಿಸಬೇಕಾದವರ ಹೆಸರು ಕಾಣಿಸಬೇಕು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಬೇಕು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ದೃಢೀಕರಿಸಬೇಕು. ಪ್ರತಿಯನ್ನು ಹೆಸರಿಸಿದವರಿಗೂ ಕುಟುಂಬ ವೈದ್ಯರಿಗೂ ಸ್ಥಳೀಯ ಸಂಸ್ಥೆಯ ನಿಯೋಜಿತ ಅಧಿಕಾರಿಗೂ ಕೊಡಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ರದ್ದುಮಾಡಬಹುದು.

ಪತ್ರವಿದ್ದ ಮಾತ್ರಕ್ಕೆ ಯಂತ್ರ ನಿಲ್ಲಿಸುವುದಿಲ್ಲ. ಗುಣವಾಗುವ ಆಸೆ ಇಲ್ಲವೆಂದು ಚಿಕಿತ್ಸೆ ನೀಡುತ್ತಿರುವ ವೈದ್ಯರೂ ಇಬ್ಬರು ತಜ್ಞರೂ ಇರುವ ಮಂಡಲಿ ಮೊದಲು ಹೇಳಬೇಕು. ಬಳಿಕ ಬೇರೆ ಮೂವರ ಎರಡನೆಯ ಮಂಡಲಿ ಒಪ್ಪಬೇಕು. ಹೆಸರಿಸಿದವರ ಸಮ್ಮತಿಯೂ ಬೇಕು. ದಂಡಾಧಿಕಾರಿಗೆ ತಿಳಿಸಿದ ಮೇಲಷ್ಟೇ ಮುಂದಿನದು. ಪತ್ರ ಬರೆಯದವರ ವಿಷಯದಲ್ಲೂ ಮನೆಯವರ ಒಪ್ಪಿಗೆಯಿಂದ ಇದೇ ದಾರಿಯುಂಟು. ಆದರೆ ಮನೆಯವರೇ ಒಂದಾಗದಿದ್ದರೆ ಏನಾಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು. ಆಗ ಪತ್ರಿಕೆಗಳಲ್ಲಿ ಕಂಡ ಹೆಸರು ದಾವಣಗೆರೆಯ ಎಚ್.ಬಿ. ಕರಿಬಸಮ್ಮನವರದು. ಘನತೆಯ ಮರಣದ ಹಕ್ಕಿಗಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಅರ್ಜಿಯ ಮೇಲೆ ಅರ್ಜಿ ಬರೆದವರು ಅವರು. ನಿವೃತ್ತ ಶಿಕ್ಷಕಿ! ನಮ್ಮ ವೃತ್ತಿಯವರ ಹಟವನ್ನು ಬಲ್ಲ ನಿಮಗೆ ಆಶ್ಚರ್ಯವಾಗಲಾರದು.

ನಮ್ಮ ಕಡೆಯ ಕಷ್ಟ ಬೇರೆಯೇ ಇದೆ. ಮಳೆ ಹಿಡಿದರೆ ಕಳಸದ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿಯುತ್ತಾಳೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಟ್ಟ ಕುಸಿದದ್ದು ನಿಮಗೆ ನೆನಪಿರಬಹುದು. ಮಕ್ಕಳು ದೂರ, ದೊಡ್ಡ ಆಸ್ಪತ್ರೆಯೂ ದೂರ. ಬೀರುವಿನೊಳಗಿನ ಕಾಗದವನ್ನು ಹೊತ್ತಿಗೆ ಸರಿಯಾಗಿ ವೈದ್ಯರ ಕೈಗೆ ಮುಟ್ಟಿಸುವವರು ಯಾರು? ಆದ್ದರಿಂದ ನನ್ನ ಪತ್ರದ ಒಂದು ಪ್ರತಿಯನ್ನು ಪಕ್ಕದ ತೋಟದವರಿಗೂ ಕೊಟ್ಟಿದ್ದೇನೆ. ಹೌದು, ನಾನೂ ಬರೆದಿದ್ದೇನೆ. ಗುಣವಾಗುವ ಕಾಯಿಲೆಗೆ ಎಲ್ಲ ಚಿಕಿತ್ಸೆಯೂ ಇರಲಿ. ಆಸೆ ಇಲ್ಲವೆಂದಾದಾಗ ಯಂತ್ರ ಬೇಡ, ನೋವು ತಗ್ಗಿಸುವ ಮದ್ದು ಮಾತ್ರ ನಿಲ್ಲಬಾರದು ಎಂದು ಕಾಣಿಸಿದ್ದೇನೆ.

ಮಗಳಿಗೆ ಓದಿ ಹೇಳಿದಾಗ ಸಿಟ್ಟಾಗಿ ಎರಡು ದಿನ ದೂರವಾಣಿ ಎತ್ತಲಿಲ್ಲ. ಮೂರನೆಯ ದಿನ ತಾನೇ ಕರೆ ಮಾಡಿ, "ನನ್ನ ಹೆಸರಿನ ಜೊತೆಗೆ ಇನ್ನೊಂದು ಹೆಸರು ಯಾರದು ಹಾಕಿದ್ದೀರಿ ಅಪ್ಪಾ?" ಎಂದಳು. ನಿನ್ನ ಚಿಕ್ಕಪ್ಪನದು ಎಂದೆ. "ಸರಿ, ಅವರ ಹತ್ತಿರ ನಾನೂ ಮಾತಾಡಿ ಇಟ್ಟುಕೊಳ್ಳುತ್ತೇನೆ" ಎಂದಳು.